ಪಂಪ್ ಓಡ್ತಿತ್ತು, ಮದ್ದು ಇಳೀತಿರಲಿಲ್ಲ

ಜೋಧಪುರದಿಂದ ಬಾಡ್ಮೇರ್‌ಗೆ ರಸ್ತೆಯಲ್ಲಿ ಸುಮಾರು 200 ಕಿ.ಮೀ. ಕಿಟಕಿಯಾಚೆ ಮರಳು, ಕುರಿಮಂದೆ, ಅಲ್ಲೊಂದು ಇಲ್ಲೊಂದು ಖೇಜ್ರಿ ಮರ. ಬೆಂಗಳೂರಲ್ಲಿ ಕೂತು ಎರಡು ವರ್ಷ ಎಣ್ಣೆ ಬಾವಿಗಳಿಗೆ ಸಾಫ್ಟ್‌ವೇರ್ ಬರೆದಿದ್ದೆ. ಬಾವಿ ನೋಡಲು ಹೊರಟಿದ್ದು ಇದೇ ಮೊದಲು.

ಇಲ್ಲಿನ ಮಂಗಳಾ ನಿಕ್ಷೇಪ ಪತ್ತೆಯಾಗಿದ್ದು 2004ರಲ್ಲಿ, ಎಣ್ಣೆ ತೆಗೆಯಲು ಶುರುವಾಗಿದ್ದು 2009ರಲ್ಲಿ. ಈ ಎಣ್ಣೆಯಲ್ಲಿ ಮೇಣ ಜಾಸ್ತಿ. ನೆಲದಾಳದ ಬಿಸಿಗೆ ಹರಿಯುತ್ತೆ, ತಣ್ಣಗಾದರೆ ಚಳಿಗಾಲದ ಕೊಬ್ಬರಿ ಎಣ್ಣೆ ಥರ ಗಟ್ಟಿಯಾಗುತ್ತೆ. ಅದಕ್ಕೇ ಇದನ್ನು 600 ಕಿ.ಮೀ.ಗೂ ಉದ್ದದ ಪೈಪ್‌ಲೈನಿನಲ್ಲಿ ದಾರಿಯುದ್ದಕ್ಕೂ ಬಿಸಿ ಮಾಡುತ್ತಾ ಗುಜರಾತ್ ಕರಾವಳಿಗೆ ಸಾಗಿಸ್ತಾರೆ.

ಮೇಣದ ಎಣ್ಣೆ ಬರುವ ಬಾವಿಯೊಳಗೇ ಮದ್ದು ಹಾಕೋದೂ ಉಂಟು. ಎಣ್ಣೆ ಮೇಲೆ ಬರುವ ಪೈಪಿನ ಹೊರಮೈಗೆ ಬೆರಳಿಗಿಂತ ಸಣ್ಣ ಸ್ಟೀಲ್ ನಳಿಗೆ ಕಟ್ಟಿ, ನೂರಾರು ಮೀಟರ್ ಆಳಕ್ಕೆ ಇಳಿಸಿರ್ತಾರೆ. ತುದಿಯಲ್ಲೊಂದು ವಾಲ್ವ್. ಮದ್ದು ಒಳಗೆ ಹೋಗಬಹುದು, ಎಣ್ಣೆ ವಾಪಸ್ ನಳಿಗೆಗೆ ನುಗ್ಗುವಂತಿಲ್ಲ. ಮೇಲೊಂದು ಟ್ಯಾಂಕ್, ಚಿಕ್ಕ ಡೋಸಿಂಗ್ ಪಂಪ್. ಮೇಣಕ್ಕೊಂದು ಮದ್ದು, ತುಕ್ಕಿಗೊಂದು, ಉಪ್ಪಿನ ಪದರಕ್ಕೊಂದು. ಹಾಕೋದು ಸ್ವಲ್ಪವೇ, ಆದರೆ ಬಿಡದೆ ಹಾಕ್ಬೇಕು.

ಮೇ ತಿಂಗಳ ಮಧ್ಯಾಹ್ನ. ಟ್ಯಾಬ್ ತೆಗೆದು ಅಲ್ಲಿನ ಆಪರೇಟರ್‌ಗೆ ನನ್ನ ಡ್ಯಾಶ್‌ಬೋರ್ಡ್ ತೋರಿಸಿದೆ. ಎಲ್ಲಾ ಹಸಿರು. ಐವತ್ತು ದಾಟಿದ ಅವರನ್ನು ಎಲ್ಲರೂ ಕಾಕಾಸಾ ಅಂತಿದ್ರು. ಅವರು ಪರದೆ ನೋಡಿ ನಕ್ಕರು. ಟ್ಯಾಂಕಿನ ವಾಲ್ವ್ ಮುಚ್ಚಿ, ಪಕ್ಕದ ಗಾಜಿನ ಅಳತೆ ಕೊಳವೆಯಿಂದ ಪಂಪ್ ಎಳೆಯುವಂತೆ ಮಾಡಿ ಗಡಿಯಾರ ನೋಡಿದರು. ಒಂದು ನಿಮಿಷ, ಎರಡು, ಐದು. ಮಟ್ಟ ಕದಲಲಿಲ್ಲ.

ಪಂಪ್ ಮಾತ್ರ ಟಕ್ ಟಕ್ ಅಂತಾನೇ ಇತ್ತು.

ಬಿಸಿಲಿಗೆ ಮದ್ದಿನ ದ್ರಾವಕ ಆವಿಯಾಗಿ ಪಂಪಿನ ತಲೆಯಲ್ಲಿ ಗಾಳಿ ಕಟ್ಟಿತ್ತು. ನನ್ನ ಕೋಡ್ ಕೇಳ್ತಿದ್ದಿದ್ದು ‘ಮೋಟರ್ ಓಡ್ತಿದೆಯಾ?’ ಅನ್ನೋದು ಮಾತ್ರ. ಹಾಗೇ ಕೆಲವು ದಿನ ಬಿಟ್ಟಿದ್ದರೆ ಬಾವಿಯೊಳಗೆ ಮೇಣ ಕಟ್ಟಿಕೊಂಡು ಎಣ್ಣೆ ನಿಲ್ತಿತ್ತು. ಆಮೇಲೆ ರಿಗ್ ತರಿಸಿ ಪೈಪ್ ಎತ್ತುವ ಪರಿಸ್ಥಿತಿಯೂ ಬರಬಹುದಿತ್ತು. ಕಾಕಾಸಾ ಸ್ಪ್ಯಾನರ್ ಹಿಡಿದು ಗಾಳಿ ಬಿಟ್ಟರು. ಕೊಳವೆಯಲ್ಲಿ ಮಟ್ಟ ನಿಧಾನಕ್ಕೆ ಇಳಿಯತೊಡಗಿತು. ನನಗೆ ಜೀವ ಬಂತು.

ಆ ರಾತ್ರಿ ಗೆಸ್ಟ್‌ಹೌಸಲ್ಲಿ ಕೂತು ಕೋಡ್ ತಿದ್ದಿದೆ. ಈಗ ಟ್ಯಾಂಕಿನ ಮಟ್ಟ ಇಳಿದರೆ ಮಾತ್ರ ಹಸಿರು.

ಚನ್ನಗಿರಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಅಪ್ಪ ಮೋಟರ್ ಹಾಕಿದ ಮೇಲೂ ಕೊನೇ ಮರದ ತನಕ ನಡೆದು, ಡ್ರಿಪ್‌ನಲ್ಲಿ ನೀರು ತೊಟ್ಟಿಕ್ತಿದೆಯಾ ನೋಡಿ ಬರ್ತಾರೆ. ಮೋಟರ್ ಸದ್ದು ಕೇಳುತ್ತಲ್ಲ, ಮತ್ಯಾಕೆ ಅಷ್ಟು ದೂರ ಅಂತ ಚಿಕ್ಕವನಿದ್ದಾಗ ಗೊಣಗ್ತಿದ್ದೆ. ಫೋನ್ ಮಾಡಿ ಬಾಡ್ಮೇರ್ ಕಥೆ ಹೇಳಿದೆ.

“ಇದನ್ನ ತಿಳ್ಕೊಳೋಕೆ ರಾಜಸ್ಥಾನದವರೆಗೂ ಹೋಗ್ಬೇಕಾಯ್ತೇನೋ?” ಅಂದ್ರು ಅಪ್ಪ.