ಶೆನೊನ್ಸೊ: ಹೊಳೆಯ ಮೇಲಿನ ಅರಮನೆ

ಫ್ರಾನ್ಸಿನ ತೂರ್ ನಗರದಿಂದ ಹೊರಡುವ ರೈಲು ಅರ್ಧ ಗಂಟೆಯ ಹೊತ್ತಿಗೆ ಶೆನೊನ್ಸೊ ಎಂಬ ಸಣ್ಣ ಊರನ್ನು ತಲುಪುತ್ತದೆ. ಅಲ್ಲಿಂದ ಪ್ಲೇನ್ ಮರಗಳ ಸಾಲಿನ ನಡುವೆ ನಡೆದುಬರುವ ಪ್ರವಾಸಿಗನಿಗೆ ಮೊದಲು ಎದುರಾಗುವುದು ಒಂದು ಒಂಟಿ ಗೋಪುರ. ಇದು ಮಾರ್ಕ್ ಮನೆತನದ ಮಧ್ಯಯುಗದ ಕೋಟೆಯ 'ದೋಂಜೊ', ಎಂದರೆ ಶತ್ರು ಒಳನುಗ್ಗಿದಾಗ ಕೊನೆಯ ಆಸರೆಯಾಗುತ್ತಿದ್ದ ಬುರುಜು. ರಾಜನ ಹಣಕಾಸು ಅಧಿಕಾರಿ ತೋಮಾ ಬೊಯೆ ಇದೊಂದನ್ನು ಉಳಿಸಿ, ಮಿಕ್ಕದ್ದನ್ನು ಕೆಡವಿಸಿ, 1513ರಿಂದ 1521ರ ನಡುವೆ ಶೇರ್ ನದಿಯೊಳಗಿದ್ದ ಹಳೆಯ ಹಿಟ್ಟಿನ ಗಿರಣಿಯ ತಳಪಾಯದ ಮೇಲೆ ಹೊಸ ಅರಮನೆಯನ್ನು ಎಬ್ಬಿಸಿದನು. ಆತ ಬಹುಕಾಲ ಯುದ್ಧಗಳ ನಿಮಿತ್ತ ಹೊರಗಿದ್ದುದರಿಂದ ಕೆಲಸವನ್ನು ಮಾಡಿಸಿದವಳು ಪತ್ನಿ ಕತೆರೀನ್ ಬ್ರಿಸೊನೆ.

ಅರಮನೆಯ ಎದುರಿಗೆ ನಿಂತಾಗ ಎಡಕ್ಕೆ ದಿಯಾನ್ ದ ಪ್ವಾತಿಯೆಯ ತೋಟ, ಬಲಕ್ಕೆ ರಾಣಿ ಕತೆರೀನ್ ದ ಮೆದಿಚಿಯ ತೋಟ. ಆ ವೇಳೆಗೆ ರಾಜಮನೆತನದ ಕೈಸೇರಿದ್ದ ಈ ಆಸ್ತಿಯನ್ನು 1547ರಲ್ಲಿ ರಾಜ ಎರಡನೆಯ ಹೆನ್ರಿ ಪ್ರೇಯಸಿ ದಿಯಾನ್‌ಗೆ ಕೊಟ್ಟನು. 1559ರಲ್ಲಿ ಆತ ತೀರಿಕೊಂಡೊಡನೆ ರಾಣಿಯು ಶೋಮೊ ಕೋಟೆಯನ್ನು ಬದಲಿಗೆ ಕೊಟ್ಟು ಇದನ್ನು ಕಿತ್ತುಕೊಂಡಳು. ಮಾರ್ಗದರ್ಶಕರು ಸವತಿ ಮತ್ಸರದ ಈ ಕಥೆಯನ್ನೇ ಚಪ್ಪರಿಸಿ ಹೇಳುತ್ತಾರಾದರೂ, ತೋಟಗಳ ಆಕಾರವನ್ನು ತೀರ್ಮಾನಿಸಿದ್ದರಲ್ಲಿ ಮತ್ಸರಕ್ಕಿಂತ ಹೊಳೆಯ ಪಾಲೇ ಹೆಚ್ಚೆಂದು ತೋರುತ್ತದೆ. ಸುಮಾರು 12,000 ಚದರ ಮೀಟರಿನ ದಿಯಾನ್ ತೋಟವು ನೆರೆಗೆ ಸಿಗದಿರಲೆಂದು ಕಲ್ಲಿನ ಗೋಡೆಗಳು ಹೊತ್ತ ಎತ್ತರದ ಜಗಲಿಯ ಮೇಲಿದೆ. ಇದು 'ಪಾರ್ತೇರ್' ಮಾದರಿಯದು, ಅಂದರೆ ರಂಗೋಲಿಯಂತೆ ಮೇಲಿನಿಂದ ನೋಡಲೆಂದೇ ನೆಲದ ಮೇಲೆ ಬಿಡಿಸಿದ ಸಮತಟ್ಟಾದ ತೋಟ. ಎಂಟು ತ್ರಿಕೋನ ಹುಲ್ಲುಹಾಸುಗಳ ಮೇಲೆ ಬೂದು ಎಲೆಯ ಸಾಂತೊಲಿನ ಗಿಡಗಳು ಸುರುಳಿಯಾಗಿ ಹರಿದಿವೆ. ಇಂದಿನ ಹೂಗಳು ದಿಯಾನ್ ಕಂಡವಲ್ಲ. ವರ್ಷಕ್ಕೆರಡು ಬಾರಿ ಬದಲಾಗುವ ಸಸಿಗಳು. ರಾಣಿಯ ತೋಟ ಇದರ ಅರ್ಧದಷ್ಟೂ ಇಲ್ಲ, ಆದರೆ ನಡುವಿನ ದುಂಡು ಕೊಳದ ಬಳಿ ಕುಳಿತವರಿಗೆ ಇದೇ ಹೆಚ್ಚು ಆಪ್ತವೆನಿಸಿದರೆ ಅಚ್ಚರಿಯಿಲ್ಲ.

ಎದುರು ದಡಕ್ಕೆ ಸೇತುವೆ ಕಟ್ಟಿಸಿದವಳು ದಿಯಾನ್, ವಾಸ್ತುಶಿಲ್ಪಿ ಫಿಲಿಬೇರ್ ದಲೋರ್ಮ್; ಅದರ ಮೇಲೆ 60 ಮೀಟರ್ ಉದ್ದದ, 18 ಕಿಟಕಿಗಳ ಗ್ಯಾಲರಿಯನ್ನು, ಎಂದರೆ ನೃತ್ಯಕೂಟಗಳ ಹಜಾರವನ್ನು, ಕೂರಿಸಿದವಳು ರಾಣಿ ಕತೆರೀನ್. ಮೊದಲ ಮಹಾಯುದ್ಧದಲ್ಲಿ ಈ ಹಜಾರ ಗಾಯಾಳುಗಳ ಆಸ್ಪತ್ರೆಯಾಯಿತು. 1940ರಲ್ಲಿ ಶೇರ್ ನದಿಯೇ ಜರ್ಮನ್ ಆಕ್ರಮಿತ ಪ್ರದೇಶಕ್ಕೂ ಆಕ್ರಮಣಕ್ಕೊಳಗಾಗದ ಪ್ರದೇಶಕ್ಕೂ ಗಡಿರೇಖೆಯಾದಾಗ, ಅರಮನೆಯ ಮುಂಬಾಗಿಲು ಒಂದು ಸೀಮೆಗೂ ಹಜಾರದ ತುದಿಯ ದಕ್ಷಿಣ ಬಾಗಿಲು ಇನ್ನೊಂದಕ್ಕೂ ಸೇರಿ, ತಲೆಮರೆಸಿಕೊಂಡವರು ಈ ದಾರಿಯಲ್ಲಿ ಪಾರಾದರು. ಇಂದು ಆ ಬಾಗಿಲನ್ನು ದಾಟಿದವರು ಆಚೆ ದಡದ ಮರಗಳ ನೆರಳಲ್ಲಿ ನಿಂತು ಕಮಾನುಗಳ ಚಿತ್ರ ತೆಗೆದುಕೊಳ್ಳುತ್ತಾರೆ.