ಮೊದಲು ಶ್ರುತಿ, ಆಮೇಲೆ ಪೆಡಲ್

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಗಣೇಶೋತ್ಸವದಲ್ಲಿ ಆರ್ಕೆಸ್ಟ್ರಾ ಶುರುವಾದರೆ ಜನರ ಕಣ್ಣೆಲ್ಲ ಹಾಡುವವರ ಮೇಲೆ. ನನ್ನ ಕಿವಿ ಮಾತ್ರ ಬೇಸ್ ಗಿಟಾರನ್ನು ಹುಡುಕುತ್ತದೆ. ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳಿಂದ ಬೇಸನ್ನು ತೆಗೆದರೆ ಅವುಗಳ ನಡಿಗೆಯೇ ನಿಂತುಹೋಗುತ್ತದೆ. ಈ ವಾದ್ಯವನ್ನು ಹೊಸದಾಗಿ ಹಿಡಿದವರು ಬೇಗನೆ ಕೇಳುವ ಪ್ರಶ್ನೆ: ಸದ್ದನ್ನು ತಿದ್ದಲು ಕಾಲಿನಿಂದ ಒತ್ತುವ ಪೆಡಲ್‌ಗಳಲ್ಲಿ ಯಾವುದನ್ನು ತಗೊಳ್ಳಲಿ?

ಉತ್ತರಕ್ಕೆ ದೂರ ಹೋಗಬೇಕಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಮೇಲೆ ರುದ್ರಪಟ್ಟಣವಿದೆ. 1920ರಲ್ಲಿ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು ಅದು. ಗಾಯಕ ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಸಪ್ತಸ್ವರ ಮಂದಿರ ಕಟ್ಟಿಸಿದ್ದಾರೆ. ಅಲ್ಲಿನ ಪಾಠ ಬೇಸ್‌ಗೂ ಸಲ್ಲುತ್ತದೆ: ಮೊದಲು ಶ್ರುತಿ. ಆದ್ದರಿಂದ ಮೊದಲ ಪೆಡಲ್ ಟ್ಯೂನರ್. ವೇದಿಕೆಯ ಗದ್ದಲದಲ್ಲಿ ಕಿವಿಗೆ ಸಿಗದ ಶ್ರುತಿಯನ್ನು ಅದು ಕಣ್ಣಿಗೆ ತೋರಿಸುತ್ತದೆ. ತಂತಿ ಬಿಗಿಯುವಾಗ ಸದ್ದನ್ನೂ ತಡೆಯುತ್ತದೆ.

ಇನ್ನು ಕಂಪ್ರೆಸರ್ ಪೆಡಲ್ ಏರುಪೇರಾದ ಸದ್ದನ್ನು ಸಮ ಮಾಡುತ್ತದೆ. ಬೆರಳಿನ ಏರುಪೇರನ್ನೂ ಅದು ಮುಚ್ಚಿಬಿಡುವುದರಿಂದ, ಕೈ ಪಳಗುವವರೆಗೆ ಬೇಡ.

ಎರಡನೆಯ ಪೆಡಲ್ ಹದವಾದ ಓವರ್‌ಡ್ರೈವ್ ಇರಲಿ. ಬೇಸ್‌ನ ಅತಿ ದಪ್ಪ ತಂತಿಯ ಸ್ವರ ಸಾಮಾನ್ಯವಾಗಿ ಸುಮಾರು 41 ಹರ್ಟ್ಸ್. ಸಣ್ಣ ಸ್ಪೀಕರ್ ಪೆಟ್ಟಿಗೆಗಳಲ್ಲಿ ಅದು ಸರಿಯಾಗಿ ಹೊರಡುವುದೇ ಇಲ್ಲ. ಓವರ್‌ಡ್ರೈವ್ ಅದರ ಮೇಲಿನ 82, 123 ಹರ್ಟ್ಸ್‌ಗಳಂಥ ಅನುಸ್ವರಗಳಿಗೆ (ಓವರ್‌ಟೋನ್‌ಗಳಿಗೆ) ಬಲ ಕೊಡುತ್ತದೆ. ಅವನ್ನು ಕೇಳಿದ ಕಿವಿ ತಳದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ದಾರವೂ ಹೀಗೆಯೇ ಅನುಸ್ವರಗಳನ್ನು ಎಬ್ಬಿಸುತ್ತದೆ. ಗಿಟಾರಿಗೆಂದು ಮಾಡಿದ ಎಷ್ಟೋ ಪೆಡಲ್‌ಗಳು ತಳದ ಸದ್ದನ್ನು ಕತ್ತರಿಸುತ್ತವೆ. ಅದಕ್ಕೇ ಮೂಲ ಸದ್ದನ್ನೂ ಬೆರೆಸಿಕೊಳ್ಳುವ ‘ಬ್ಲೆಂಡ್’ ತಿರುಪು ಇರುವುದನ್ನೇ ಆರಿಸಿ.

ಆಕ್ಟೇವ್ ಪೆಡಲ್‌ಗೆ ಅವಸರ ಬೇಡ. ಅದು ನುಡಿಸಿದ ಸ್ವರಕ್ಕೆ ಒಂದು ಸ್ಥಾಯಿ ಕೆಳಗಿನ, ಅಂದರೆ ಅರ್ಧ ಕಂಪನದ ಸ್ವರವನ್ನು ಸೇರಿಸುತ್ತದೆ. 41ನ್ನು ಅರ್ಧ ಮಾಡಿದರೆ ಸುಮಾರು 20 ಹರ್ಟ್ಸ್. ಮನುಷ್ಯನ ಕಿವಿಗೆ ಕೇಳುವ ಕೆಳಗಿನ ಗಡಿಯೂ ಅದೇ. ಆ ಪೆಡಲ್‌ಗೆ ಮೇಲಿನ ಸ್ವರಗಳೇ ಒಗ್ಗುತ್ತವೆ.

ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್ ಸಾಕು. ಆದರೂ ಅಡಾಪ್ಟರ್ ಸಿಕ್ಕಿಸುವ ಮುನ್ನ ವೋಲ್ಟೇಜನ್ನೂ ಪಿನ್ನಿನ ಪ್ಲಸ್-ಮೈನಸ್ಸನ್ನೂ ನೋಡಿಕೊಳ್ಳಿ.

ಕೊಳ್ಳುವಾಗ ನಿಮ್ಮ ಬೇಸನ್ನೇ ಒಯ್ದು, ಡ್ರಮ್ಸ್ ಮತ್ತು ಹಾಡಿನ ಜೊತೆ ನುಡಿಸಿ ನೋಡಿ. ಒಂಟಿಯಾಗಿ ಸೊಗಸಾದ ಎಷ್ಟೋ ಸದ್ದು ತಂಡದ ನಡುವೆ ಮುಳುಗಿಹೋಗುತ್ತದೆ. ಬೇಸ್ ಇರುವುದು ತಂಡವನ್ನು ಹೊರಲಿಕ್ಕೆ. ಆ ಕೆಲಸಕ್ಕೆ ನೆರವಾಗುವ ಪೆಡಲ್‌ಗೇ ದುಡ್ಡು ಹಾಕಿ.