ಹೆಸರನ್ನು ಬೇಡಿದ ಬಂದೂಕು

ನಾನು ಆಯುಧಗಳ ವಿಷಯವಾಗಿ ಬರೆಯಹೊರಟಿರುವೆನೆಂದರೆ ನನ್ನನ್ನು ಬಲ್ಲ ವಾಚಕರು ನಗುವುದು ಸಹಜವೇ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅಮರಕೋಶವನ್ನೂ ಲಘುಕೌಮುದಿಯನ್ನೂ ಬಾಯಿಪಾಠ ಮಾಡಿ, ಅನಂತರ ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಶಬ್ದರೂಪಗಳನ್ನು ಕಲಿಸಿ, ಈಗ ಆರೇಳು ವರ್ಷಗಳಿಂದ ಮನೆಯ ಜಗಲಿಯ ಮೇಲೆ ಕಾಲ ಕಳೆಯುತ್ತಿರುವ ನಾನು ಕೈಯಲ್ಲಿ ಹಿಡಿದ ಆಯುಧವೆಂದರೆ ಬೆತ್ತವೊಂದೇ. ಅದನ್ನು ಹಿಡಿದುದಕ್ಕಾಗಿ ನಾಚುವ ಸಂದರ್ಭವೂ ಈ ಲೇಖನದಲ್ಲಿ ಬರುವುದು.

ಕಳೆದ ವಿಜಯದಶಮಿಯ ದಿನ ಹಳೆಯ ಶಿಷ್ಯನೊಬ್ಬನು ಹಣ್ಣುಹೂವುಗಳೊಡನೆ ಮನೆಗೆ ಬಂದನು. ನೋಡಿದೊಡನೆ ಗುರುತು ಹತ್ತಲಿಲ್ಲ. ಹೆಸರು ಹೇಳಿದ ಮೇಲೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ರಾಮಶಬ್ದದ ಸಪ್ತಮಿಯಲ್ಲಿ ಪ್ರತಿದಿನವೂ ಎಡವುತ್ತಿದ್ದ ಹುಡುಗನು ಅವನು. “ನಿನ್ನ ತಲೆಗಿಂತ ನಮ್ಮ ಮನೆಯ ಗುಂಡುಕಲ್ಲು ಮೇಲು” ಎಂದು ತರಗತಿಯೆಲ್ಲ ನಗುವಂತೆ ಹೇಳಿ ಅವನ ಅಂಗೈಗೆ ಬೆತ್ತದಿಂದ ಹೊಡೆದಿದ್ದೆನು. ಆ ಅಂಗೈ ಇಂದು ಅಂಗುಲದ ಸಾವಿರದಲ್ಲೊಂದು ಪಾಲಿನ ತಪ್ಪನ್ನೂ ಸಹಿಸದ ಕೈಯಾಗಿದೆ. ಅವನು ಐ.ಟಿ.ಐ.ಯಲ್ಲಿ ಕಲಿತು, ಲೇತು ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತು, ಈಗ ಬೆಂಗಳೂರಿನ ಸಮೀಪ ಸೈನ್ಯಕ್ಕಾಗಿ ಬಂದೂಕು ತಯಾರಿಸುವ ಕಾರ್ಖಾನೆಯೊಂದರಲ್ಲಿ ನಳಿಗೆ ಕೊರೆಯುವ ವಿಭಾಗಕ್ಕೆ ಮುಖ್ಯನಾಗಿದ್ದಾನೆ.

ಕಾಫಿ ಕುಡಿದಾದ ಮೇಲೆ ಅವನು ಸಂಕೋಚದಿಂದ ಹೇಳಿದನು: “ಮೇಷ್ಟ್ರೇ, ನಾವು ಹೊಸದೊಂದು ರೈಫಲ್ ಮಾಡ್ತಾ ಇದೀವಿ. ಗಿಡ್ಡದಾಗಿರಬೇಕು, ಹಗುರವಾಗಿರಬೇಕು, ಆದರೆ ಬಹಳ ದೂರ ಹೊಡೀಬೇಕು. ಅದಕ್ಕೊಂದು ಸಂಸ್ಕೃತದ ಹೆಸರು ಬೇಕು. ನಿಮ್ಮನ್ನೇ ಕೇಳೋಣ ಅಂತ ಬಂದೆ.”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ವಿಶೇಷ್ಯವನ್ನು ತಿಳಿಯದೆ ವಿಶೇಷಣವನ್ನು ಹೇಳುವುದೆಂತು? “ಮೊದಲು ಅದೇನೆಂದು ತಿಳಿಸಿ ಹೇಳಪ್ಪ” ಎಂದೆನು. ಅಂದು ಸಂಜೆಯವರೆಗೆ ಅವನು ಗುರು, ನಾನು ಶಿಷ್ಯ.

ಅವನು ಹೇಳಿದುದರ ಸಾರವಿಷ್ಟು. ಮದ್ದು ಉರಿದು ಹುಟ್ಟಿದ ಆವಿಯು ಗುಂಡನ್ನು ನಳಿಗೆಯ ಉದ್ದಕ್ಕೂ ತಳ್ಳುತ್ತದೆ. ನಳಿಗೆಯನ್ನು ಮೊಟಕುಮಾಡಿದರೆ ತಳ್ಳುವ ಅವಕಾಶ ಕಡಿಮೆಯಾಗಿ ಗುಂಡಿನ ವೇಗವು ತಗ್ಗುವುದು. ವೇಗ ತಗ್ಗಿದರೆ ಗುಂಡು ದೂರದಲ್ಲಿ ಹೆಚ್ಚು ಕೆಳಕ್ಕೆ ಬಾಗುವುದು, ಗಾಳಿಗೂ ಹೆಚ್ಚು ಸರಿಯುವುದು. ಬಂದೂಕನ್ನು ಹಗುರ ಮಾಡೋಣವೆಂದರೆ ಒದೆತವು ಭುಜಕ್ಕೆ ಬಲವಾಗಿ ತಾಗುವುದು; ತೆಳುವಾದ ನಳಿಗೆಯು ಬೇಗ ಕಾದು ಗುರಿಯನ್ನು ಕೆಡಿಸುವುದು. ಗುಂಡು ಕೂರುವ ಯಂತ್ರಭಾಗವನ್ನು ಕುದುರೆಯ ಹಿಂದಕ್ಕೆ, ಭುಜದ ಬುಡದೊಳಕ್ಕೇ ಸರಿಸಿ, ನಳಿಗೆಯನ್ನು ಕತ್ತರಿಸದೆಯೇ ಒಟ್ಟು ಉದ್ದವನ್ನು ಕಡಿಮೆಮಾಡುವ ಕ್ರಮವೊಂದುಂಟಂತೆ. ಆಗ ಸ್ಫೋಟವಾಗುವ ಜಾಗವು ಹೊಡೆಯುವವನ ಕೆನ್ನೆಯ ಬಳಿಗೇ ಬರುವುದು. “ಒಂದು ಕಡೆ ಉಳಿಸಿದ್ದಕ್ಕೆ ಇನ್ನೊಂದು ಕಡೆ ಸಾಲ ತೀರಿಸಲೇಬೇಕು ಮೇಷ್ಟ್ರೇ” ಎಂದನು.

ಮಾತಿನ ನಡುವೆ ವಿಟ್ವರ್ತ್ ಎಂಬ ಹೆಸರು ಬಂದಿತು. ನಮ್ಮ ಹಳೆಯ ಕಾರ್ಖಾನೆಗಳಲ್ಲಿ ತಿರುಪುಮೊಳೆಯ ಸುತ್ತಿಗೆ ಬಹುಕಾಲ ಇದೇ ಹೆಸರಿದ್ದಿತಂತೆ. ಮರುವಾರ ಗ್ರಂಥಾಲಯಕ್ಕೆ ಹೋಗಿ ಆತನ ವೃತ್ತಾಂತವನ್ನು ಓದಿದೆನು. ಸರ್ ಜೋಸೆಫ್ ವಿಟ್ವರ್ತನು 1803ರಲ್ಲಿ ಹುಟ್ಟಿದ ಇಂಗ್ಲಿಷ್ ಯಂತ್ರಶಿಲ್ಪಿ. ಅಂಗಡಿಗೊಂದು ಬಗೆಯಾಗಿದ್ದ ತಿರುಪುಗಳಿಗೆ 1841ರಲ್ಲಿ ಒಂದೇ ಪ್ರಮಾಣವನ್ನು ಸೂಚಿಸಿದವನು ಆತನೇ. ಅಂಗುಲದ ಹತ್ತು ಲಕ್ಷದಲ್ಲೊಂದು ಪಾಲನ್ನು ಅಳೆಯುವ ಯಂತ್ರವನ್ನೂ ರಚಿಸಿದನು. ಬಂದೂಕಿನ ಕಸಬು ಆತನದಲ್ಲ. ಆದರೂ 1854ರಲ್ಲಿ ಬ್ರಿಟಿಷ್ ಸರ್ಕಾರವು ಆತನ ನೆರವನ್ನು ಕೋರಲು, ಮ್ಯಾಂಚೆಸ್ಟರಿನ ರಶೋಮ್ ಎಂಬಲ್ಲಿ 500 ಗಜ ಉದ್ದದ, ಗಾಳಿ ನುಗ್ಗದ ಪರೀಕ್ಷಾಶಾಲೆಯನ್ನು ಕಟ್ಟಿಸಿ, ಮೊದಲು ಕಾರಣವನ್ನು ಹುಡುಕಿದನು. ಆಮೇಲೆ ಕೋವಿಯನ್ನು ಮಾಡಿದನು.

ಆಗಿನ ಎನ್‌ಫೀಲ್ಡ್ ಬಂದೂಕಿನ ನಳಿಗೆಯ ಒಳವ್ಯಾಸ 0.577 ಅಂಗುಲ, ಒಳಗಿನ ಸುರುಳಿಗೀರುಗಳು 78 ಅಂಗುಲಕ್ಕೆ ಒಂದು ಸುತ್ತು. ವಿಟ್ವರ್ತನು ವ್ಯಾಸವನ್ನು 0.451 ಅಂಗುಲಕ್ಕೆ ಇಳಿಸಿ, ನಳಿಗೆಯ ಒಳಗನ್ನು ಆರು ಮೂಲೆಯಾಗಿ ಕೊರೆದು, 20 ಅಂಗುಲಕ್ಕೆ ಒಂದು ಸುತ್ತು ಬರುವಂತೆ ಮಾಡಿದನು. ಗುಂಡಿನ ತೂಕ ಮಾತ್ರ ಮೊದಲಿನಷ್ಟೇ, 530 ಗ್ರೇನು. ತೂಕ ಅದೇ ಇದ್ದು ವ್ಯಾಸ ಕಿರಿದಾದುದರಿಂದ ಗುಂಡು ನೀಳವಾಯಿತು. ನೀಳವಾದುದು ತಲೆಕೆಳಗಾಗದಿರಲು ಬೇಗ ತಿರುಗಬೇಕಾಯಿತು. 1857ರ ಪರೀಕ್ಷೆಯಲ್ಲಿ, 500 ಗಜ ದೂರದಲ್ಲಿ, ಎನ್‌ಫೀಲ್ಡಿನ ಗುಂಡುಗಳು ಸರಾಸರಿ ಸುಮಾರು 27 ಅಂಗುಲ ಚದರಿದರೆ ವಿಟ್ವರ್ತನವು ಸುಮಾರು 4½ ಅಂಗುಲ ಮಾತ್ರ. ಅದೇ ವರ್ಷ ಅದೇ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾಗಳು ನಮ್ಮ ದೇಶದಲ್ಲಿ ಹೊತ್ತಿಸಿದ ಬೆಂಕಿಯನ್ನು ವಾಚಕರು ಬಲ್ಲರು. ಇಷ್ಟಾದರೂ, ಬೆಲೆ ಹೆಚ್ಚು, ಕಿರಿದಾದ ನಳಿಗೆಯಲ್ಲಿ ಮದ್ದಿನ ಮಸಿ ಬೇಗ ಕಟ್ಟುವುದು ಎಂಬ ಕಾರಣಗಳಿಂದ ಸೈನ್ಯವು ಆತನ ಕೋವಿಯನ್ನು ಸ್ವೀಕರಿಸಲಿಲ್ಲ. 1868ರಲ್ಲಿ ಆತನು ಯಂತ್ರವಿದ್ಯೆಯನ್ನು ಕಲಿಯುವ ತರುಣರಿಗಾಗಿ ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದನು. ಕೋವಿಯು ವಸ್ತುಸಂಗ್ರಹಾಲಯಗಳನ್ನು ಸೇರಿತು. ತಿರುಪೂ ವಿದ್ಯಾರ್ಥಿವೇತನವೂ ಉಳಿದುವು.

ಇದನ್ನೋದುವಾಗ ನನಗೆ ಅಪರಿಚಿತವಾದುದೇನೂ ಕಾಣಲಿಲ್ಲವೆಂದರೆ ನಂಬುವಿರಾ? ಭಾರವನ್ನು ಬಿಡದೆ ಗಾತ್ರವನ್ನು ಕುಗ್ಗಿಸುವುದೇ ಸೂತ್ರಕಾರನ ಕೆಲಸ. ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವರೆಂದು ವೈಯಾಕರಣರನ್ನು ಜನರು ಹಾಸ್ಯಮಾಡುವುದುಂಟು. ಪಾಣಿನಿಯೂ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನೇ ತುಂಬಿದನು. ಅಲ್ಲಿ ಉಳಿತಾಯದ ಸಾಲವನ್ನು ವ್ಯಾಖ್ಯಾನಕಾರರು ಇಂದಿಗೂ ತೀರಿಸುತ್ತಿದ್ದಾರೆ. ನಾನು ಕಲ್ಲೆಂದು ಕರೆದ ಹುಡುಗನು ಲೋಹದಲ್ಲಿ ಲಾಘವವನ್ನು ಸಾಧಿಸುತ್ತಿದ್ದನು. ನನ್ನ ಪಾಠ ಅವನಿಗೆ ಹತ್ತಲಿಲ್ಲವೋ, ಅವನ ದಾರಿ ನನಗೆ ಕಾಣಲಿಲ್ಲವೋ?

ಆದರೆ ಹೆಸರಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ನಮ್ಮ ಕ್ಷಿಪಣಿಗಳಿಗೆ ಪೃಥ್ವಿ, ಅಗ್ನಿ, ತ್ರಿಶೂಲಗಳೆಂದು ಹೆಸರಿಟ್ಟಿರುವುದು ಸರ್ವವಿದಿತ. ಶಾರ್ಙ್ಗ, ಪಿನಾಕ, ಗಾಂಡೀವಗಳು ನಾಲಿಗೆಯ ತುದಿಯಲ್ಲೇ ಇದ್ದುವು. ಗಾಂಡೀವವನ್ನು ನೆನೆದಾಗ ಮಾತ್ರ ಮನಸ್ಸು ತಡೆಯಿತು. ಅದನ್ನು ಬೇರೊಬ್ಬನಿಗೆ ಕೊಡೆಂದವನ ತಲೆ ಕಡಿಯುವೆನೆಂದು ವ್ರತ ತೊಟ್ಟಿದ್ದ ಅರ್ಜುನನು, ಅಂತಹ ಮಾತನ್ನಾಡಿದ ಅಣ್ಣನ ಮೇಲೆಯೇ ಕತ್ತಿ ಹಿರಿದನಷ್ಟೆ. ಕೃಷ್ಣನಿಲ್ಲದಿದ್ದರೆ ಧರ್ಮರಾಯನು ಶತ್ರುವಿನಿಂದಲ್ಲ, ತಮ್ಮನಿಂದ ಸಾಯುತ್ತಿದ್ದನು. ಆಯುಧಕ್ಕೆ ಹೆಸರಿಟ್ಟರೆ ಅದರ ಮೇಲೆ ಮೋಹವೂ ಹುಟ್ಟುವುದು. ದೂರದಿಂದ, ಕಾಣದಂತೆ ಕೊಲ್ಲುವ ವಸ್ತುವಿಗೆ ನಾಮಕರಣ ಮಾಡುವ ಪುರೋಹಿತ ನಾನಾಗಬೇಕೆ? ನಿರಾಕರಿಸಿ ಕಾಗದ ಬರೆಯುವುದೆಂದು ನಿಶ್ಚಯಿಸಿದೆನು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ತಾಯಿಯಿದ್ದಾರೆ. ಅವರ ಮಗನೂ ಈ ಶಿಷ್ಯನೂ ಒಂದೇ ತರಗತಿಯವರು. ಆ ಹುಡುಗನು ಸೈನ್ಯ ಸೇರಿ, ಉತ್ತರದ ಗಡಿಯ ಬೆಟ್ಟವೊಂದರಲ್ಲಿ ಕಾವಲಿದ್ದಾಗ, ಎಲ್ಲಿಂದಲೋ ಬಂದ ಒಂದೇ ಗುಂಡಿಗೆ ತೀರಿಕೊಂಡನು. ಕಾಗದವನ್ನು ಅಂಚೆಗೆ ಹಾಕಲು ಹೋಗುವಾಗ ಅವರು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಏನೆನಿಸಿತೋ, ಅವರಿಗೆ ಎಲ್ಲವನ್ನೂ ಹೇಳಿದೆನು. ಅವರು ಬೈಯುವರೆಂದೋ ಅಳುವರೆಂದೋ ಅಂಜಿದ್ದೆನು. ಅವರು ಮೊರದಿಂದ ಕಣ್ಣೆತ್ತದೆ ಹೇಳಿದರು: “ಹೆಸರು ಏನಾದರೂ ಇಡಿ ಮೇಷ್ಟ್ರೇ. ಹೊರೋ ಮಕ್ಕಳಿಗೆ ಭಾರ ಆಗದಿದ್ದರೆ ಸಾಕು. ನನ್ನ ಮಗ ರಜಕ್ಕೆ ಬಂದಾಗಲೆಲ್ಲ ಭುಜ ನೋವು ಅಂತಿದ್ದ.”

ಕಾಗದವನ್ನು ಅಂಚೆಗೆ ಹಾಕದೆ ಮನೆಗೆ ಹಿಂದಿರುಗಿದೆನು. ಕೊಲ್ಲುವವನ ಪರಾಕ್ರಮವನ್ನಾಗಲಿ ಸಾಯುವವನ ಪಾಪವನ್ನಾಗಲಿ ನಾನು ಯೋಚಿಸಿದ್ದೆನೇ ಹೊರತು ಹೊರುವವನ ಭುಜವನ್ನು ಯೋಚಿಸಿರಲಿಲ್ಲ. ಹರಿದುಹಾಕಿದ ಕಾಗದಕ್ಕೆ ಬದಲಾಗಿ ಇನ್ನೊಂದನ್ನು ಬರೆದೆನು: “ಚಿರಂಜೀವಿ, ಬೇಕಾದರೆ ಲಘಿಮಾ ಎಂದಿಡು. ಲಘುತ್ವವೆಂದರ್ಥ, ಅದರಲ್ಲಿ ಕೊಲೆಯ ಹೆಮ್ಮೆಯಿಲ್ಲ. ರಾಜನ್ ಶಬ್ದದಂತೆ ನಡೆಯುತ್ತದೆ. ಆದರೆ ರೂಪಗಳನ್ನು ನೀನು ಒಪ್ಪಿಸಬೇಕಾಗಿಲ್ಲ. ಅಂದು ನಿನ್ನ ಕೈಗೆ ಹೊಡೆದುದು ನನ್ನ ತಪ್ಪು. ಇನ್ನೊಂದು ಮಾತು. ಕಡೆಯಲ್ಲಿ ಅಗ್ನಿಯು ಬಂದು ಕೇಳಿದಾಗ ಅರ್ಜುನನು ಗಾಂಡೀವವನ್ನು ನೀರಿಗೆ ಹಾಕಿ ವರುಣನಿಗೆ ಹಿಂದಿರುಗಿಸಿದನು. ನೀನು ಮಾಡುವುದಕ್ಕೂ ಅಂತಹ ದಿನವೊಂದು ಬರಲೆಂದು ಹಾರೈಸುತ್ತೇನೆ.”

ಕಾರ್ಖಾನೆಯವರು ಆ ಹೆಸರನ್ನು ಒಪ್ಪಿದರೋ ಇಲ್ಲವೋ ಇನ್ನೂ ತಿಳಿದುಬಂದಿಲ್ಲ. ಶಿಷ್ಯನಿಂದ ಒಂದು ಸಣ್ಣ ಪೆಟ್ಟಿಗೆ ಮಾತ್ರ ಬಂದಿತು. ಅದರೊಳಗೆ ಅವನೇ ಕಡೆದ ಒಂದು ಉಕ್ಕಿನ ತಿರುಪು, ಅದಕ್ಕೊಂದು ನಟ್ಟು. ಹಾಕಿದರೆ ಎಲ್ಲಿಯೂ ತಡೆಯದೆ ಕೊನೆಯವರೆಗೆ ತಾನಾಗಿ ಇಳಿಯುತ್ತದೆ. ಅಮರಕೋಶದ ಮೇಲೆ ಅದನ್ನಿಟ್ಟುಕೊಂಡಿದ್ದೇನೆ.